ಓದುಗರ ಪ್ರಶ್ನೆ: ಒಂದು ನಿಮಿಷದಷ್ಟೇ ಉಳಿದ ‘ಗ್ಯಾಟ್ಸ್‌ಬಿ’

ಪ್ರಶ್ನೆ: ಅಮಿತಾಭ್ ಬಚ್ಚನ್ ಚಿಕ್ಕ ಪಾತ್ರವೊಂದರಲ್ಲಿ ಕಾಣಿಸಿಕೊಂಡಿರುವ 2013ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಚಿತ್ರವನ್ನು ಈಚೆಗೆ ಮನೆಮಂದಿಯೆಲ್ಲ ಕೂತು ನೋಡಿದೆವು. ಇದೇ ಕಥೆ ಮೂಕಿಚಿತ್ರಗಳ ಕಾಲದಲ್ಲಿಯೂ ತೆರೆಗೆ ಬಂದಿತ್ತೆಂದು ಎಲ್ಲೋ ಓದಿದೆ. ಆ ಹಳೆಯ ಚಿತ್ರ ಎಲ್ಲಿ ಸಿಗುತ್ತದೆ? ಅದರಲ್ಲಿ ಏನಿತ್ತು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಚಿತ್ರ ಈಗ ಎಲ್ಲಿಯೂ ಸಿಗುವುದಿಲ್ಲ. 1926ರ ನವೆಂಬರ್ 21ರಂದು ಅಮೆರಿಕದಲ್ಲಿ ಬಿಡುಗಡೆಯಾದ ಮೂಕಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಒಂದು ಪ್ರತಿಯೂ ಇಂದು ಪತ್ತೆಯಲ್ಲಿಲ್ಲ. ಎಂಟು ರೀಲುಗಳ, ಹೆಚ್ಚುಕಡಿಮೆ ಒಂದು ಗಂಟೆ ಇಪ್ಪತ್ತು ನಿಮಿಷ ಓಡುತ್ತಿದ್ದ ಆ ಚಿತ್ರದಿಂದ ಉಳಿದು ಬಂದಿರುವುದು ಪ್ರಚಾರಕ್ಕೆಂದು ಮಾಡಿದ್ದ ಟ್ರೇಲರ್ ಮಾತ್ರ, ಅದೂ ಸುಮಾರು ಒಂದು ನಿಮಿಷದ್ದು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಿಕೊಂಡು ಬಂದಿದೆ. 2004ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ಪ್ರಿಸರ್ವೇಷನ್ ಫೌಂಡೇಶನ್ ಹೊರತಂದ ಡಿವಿಡಿ ಸಂಪುಟವೊಂದರಲ್ಲಿ ಅದು ಸೇರಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನೀವೂ ನೋಡಬಹುದು.

ಕಥೆ ನಿಮಗೆ ಗೊತ್ತಿರುವುದೇ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ ಈ ಕಾದಂಬರಿ 1925ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು; ಅದರ ಘಟನೆಗಳೆಲ್ಲ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ನಗರಕ್ಕೆ ಅಂಟಿಕೊಂಡಂತಿರುವ ಲಾಂಗ್ ಐಲೆಂಡಿನ ಕಡಲತೀರದಲ್ಲಿ. ಬಡ ಮನೆಯಲ್ಲಿ ಹುಟ್ಟಿದ ಗ್ಯಾಟ್ಸ್‌ಬಿ ಸೈನ್ಯದಲ್ಲಿದ್ದಾಗ ಡೇಸಿ ಎಂಬ ಸಿರಿವಂತರ ಮಗಳನ್ನು ಪ್ರೀತಿಸುತ್ತಾನೆ. ಅವನು ಯುದ್ಧಕ್ಕೆ ಹೋದಾಗ ಅವಳು ತನ್ನ ಅಂತಸ್ತಿಗೆ ತಕ್ಕ ಟಾಮ್ ಬುಕಾನನ್‌ನ ಕೈ ಹಿಡಿಯುತ್ತಾಳೆ. ಅವಳನ್ನು ಮರಳಿ ಪಡೆಯುವ ಹಟದಿಂದ ಗ್ಯಾಟ್ಸ್‌ಬಿ ಕಳ್ಳಮದ್ಯದ ವ್ಯವಹಾರದಲ್ಲಿ ಹಣ ಮಾಡಿ, ಅವಳ ಮನೆಯ ದೀಪ ಕಾಣುವ ಹಾಗೆ ಕೊಲ್ಲಿಯ ಈಚೆ ದಡದಲ್ಲಿ ಅರಮನೆಯಂಥ ಬಂಗಲೆ ಕೊಂಡು, ಅವಳು ಒಂದು ದಿನ ಬಂದಾಳೆಂದು ವಾರವಾರವೂ ಊರಿಗೆಲ್ಲ ಔತಣ ಹಾಕುತ್ತಾನೆ.

ಕಾದಂಬರಿಯಿಂದ ತೆರೆಗೆ ಬರುವ ಮೊದಲು ಇದು ರಂಗದ ಮೇಲೆ ಬಂದಿತ್ತು. ಓವನ್ ಡೇವಿಸ್ ಮಾಡಿದ ನಾಟಕರೂಪ 1926ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಅಂಬಾಸಡರ್ ಥಿಯೇಟರಿನಲ್ಲಿ ಆರಂಭವಾಗಿ 112 ಪ್ರಯೋಗಗಳನ್ನು ಕಂಡಿತು. ಅದನ್ನು ನಿರ್ದೇಶಿಸಿದವರು ಮುಂದೆ ಹಾಲಿವುಡ್‌ನಲ್ಲಿ ದೊಡ್ಡ ಹೆಸರು ಮಾಡಿದ ಜಾರ್ಜ್ ಕ್ಯೂಕರ್. ಪುಸ್ತಕ ನಿರೀಕ್ಷಿಸಿದಷ್ಟು ಮಾರಾಟವಾಗದಿದ್ದರೂ ನಾಟಕ ಗೆದ್ದುದರಿಂದ ಚಿತ್ರದ ಹಕ್ಕು 45,000 ಡಾಲರಿಗೆ ಹೋಯಿತು. ಅದೇ ವರ್ಷ ಹರ್ಬರ್ಟ್ ಬ್ರೆನನ್ ನಿರ್ದೇಶನದಲ್ಲಿ ಪ್ಯಾರಾಮೌಂಟ್ ಇದನ್ನು ತೆರೆಗೆ ತಂದಿತು. ಗ್ಯಾಟ್ಸ್‌ಬಿಯಾಗಿ ವಾರ್ನರ್ ಬ್ಯಾಕ್ಸ್‌ಟರ್, ಡೇಸಿಯಾಗಿ ಲೋಯಿಸ್ ವಿಲ್ಸನ್, ಕಥೆ ಹೇಳುವ ನಿಕ್ ಆಗಿ ನೀಲ್ ಹ್ಯಾಮಿಲ್ಟನ್ ನಟಿಸಿದ್ದರು. ಚಾಪ್ಲಿನ್ನರ ‘ದಿ ಗೋಲ್ಡ್ ರಷ್’ನಲ್ಲಿ ನಾಯಕಿಯಾಗಿದ್ದ ಜಾರ್ಜಿಯಾ ಹೇಲ್ ಇದರಲ್ಲಿ ಟಾಮ್‌ನ ಪ್ರೇಯಸಿ ಮರ್ಟಲ್, ಅವಳ ಗಂಡನಾದ, ಗ್ಯಾರೇಜ್ ನಡೆಸುವ ವಿಲ್ಸನ್‌ನ ಪಾತ್ರ ವಿಲಿಯಂ ಪೊವೆಲ್ ಅವರದು. ಪೊವೆಲ್ ಮುಂದೆ ವಾಕ್ಚಿತ್ರಗಳಲ್ಲಿ ನಯನಾಜೂಕಿನ ಮಾತುಗಾರನೆಂದೇ ಪ್ರಸಿದ್ಧರಾದವರು. ಅಂಥವರು ಮೈಗೆಲ್ಲ ಎಣ್ಣೆಮಸಿ ಹತ್ತಿದ ಒಬ್ಬ ನೊಂದ ಬಡವನಾಗಿ, ಒಂದೂ ಮಾತಿಲ್ಲದೆ, ಹೇಗೆ ಅಭಿನಯಿಸಿದ್ದಿರಬಹುದೆಂಬ ಕುತೂಹಲ ನನ್ನನ್ನು ಬಹಳ ಕಾಡಿದೆ. ಬಚ್ಚನ್ ಮಾಡಿದ, ಗ್ಯಾಟ್ಸ್‌ಬಿಯ ಕಳ್ಳವ್ಯವಹಾರದ ಜೊತೆಗಾರ ಮೇಯರ್ ವುಲ್ಫ್‌ಶೀಮ್‌ನ ಪಾತ್ರವೂ ಆ ಚಿತ್ರದಲ್ಲಿತ್ತು, ಆದರೆ ಚಾರ್ಲ್ಸ್ ವುಲ್ಫ್ ಎಂಬ ಬದಲಾದ ಹೆಸರಿನಲ್ಲಿ.

ದೃಶ್ಯಗಳ ವಿಷಯಕ್ಕೆ ಬಂದರೆ, ಟ್ರೇಲರನ್ನು ಬಿಟ್ಟರೆ ನಮಗೆ ಆಧಾರವಾಗಿರುವುದು ಸ್ಥಿರಚಿತ್ರಗಳು ಮತ್ತು ಅಂದಿನ ಪತ್ರಿಕೆಗಳ ವಿಮರ್ಶೆಗಳು. ಬಿಡುಗಡೆಯ ಮರುದಿನವೇ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮಾರ್ಡಂಟ್ ಹಾಲ್ ಬರೆದ ವಿಮರ್ಶೆ ಇವುಗಳಲ್ಲಿ ಮುಖ್ಯವಾದುದು. ಗ್ಯಾಟ್ಸ್‌ಬಿ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯಗಳನ್ನು ಈಜುಕೊಳಕ್ಕೆ ಎಸೆಯುವುದನ್ನೂ, ಹುಡುಗಿಯರು ಅವನ್ನು ಹೆಕ್ಕಲು ನೀರಿಗೆ ಧುಮುಕುವುದನ್ನೂ, ಎಸೆಯುತ್ತಿರುವುದು ಏನೆಂದು ವಿಚಾರಿಸಿದ ಒಬ್ಬಳು ಅಪ್ಪಟ ಚಿನ್ನವೆಂದು ತಿಳಿದೊಡನೆ ಹಿಂದುಮುಂದು ನೋಡದೆ ಹಾರುವುದನ್ನೂ ಅವರು ವರ್ಣಿಸಿದ್ದಾರೆ. ಕಾದಂಬರಿಯಲ್ಲಿ ಈ ಪ್ರಸಂಗವಿಲ್ಲ. ಮಾತಿಲ್ಲದ ಮಾಧ್ಯಮದಲ್ಲಿ ಹಣದ ಮದವನ್ನು ಕಣ್ಣಿಗೆ ಕಾಣಿಸುವಂತೆ ಮಾಡಲು ಚಿತ್ರದವರು ಹುಡುಕಿಕೊಂಡ ದಾರಿ ಅದು.

ಪ್ರಶ್ನೆ: ಅಮೆರಿಕ ದೇಶದಲ್ಲೆಲ್ಲ ಪಾನನಿಷೇಧ ಜಾರಿಯಲ್ಲಿದ್ದಾಗ, ಶ್ರೀಮಂತರು ಬಹಿರಂಗವಾಗಿ ಕುಡಿಯುವುದನ್ನು ಸಿನಿಮಾದಲ್ಲಿ ತೋರಿಸಲು ಸರ್ಕಾರ ಹೇಗೆ ಬಿಟ್ಟಿತು? ಕುಡಿಯುವುದು ಅಪರಾಧವಾಗಿರಲಿಲ್ಲವೆ?
– ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಕುಡಿಯುವುದು ಅಪರಾಧವಾಗಿರಲಿಲ್ಲ. ಅಮೆರಿಕದ ಸಂವಿಧಾನದ 18ನೆಯ ತಿದ್ದುಪಡಿ ನಿಷೇಧಿಸಿದ್ದು ಮದ್ಯದ ತಯಾರಿಕೆ, ಮಾರಾಟ, ಸಾಗಣೆ, ಆಮದು ಮತ್ತು ರಫ್ತುಗಳನ್ನು. 1919ರ ಜನವರಿಯಲ್ಲಿ ಅಂಗೀಕಾರಗೊಂಡ ತಿದ್ದುಪಡಿ 1920ರ ಜನವರಿ 17ರಿಂದ ಜಾರಿಗೆ ಬಂತು. ಅದನ್ನು ಕಾರ್ಯಗತ ಮಾಡಲು ಬಂದ ವೋಲ್‌ಸ್ಟೆಡ್ ಕಾಯಿದೆ ಶೇಕಡಾ 0.5 ಅಥವಾ ಅದಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಪಾನೀಯವೆಲ್ಲ ಮದ್ಯವೇ ಎಂದಿತು. ಆದರೆ ಆ ದಿನಾಂಕಕ್ಕಿಂತ ಮೊದಲೇ ಕೊಂಡು ಮನೆಯ ನೆಲಮಾಳಿಗೆಯಲ್ಲಿ ತುಂಬಿಟ್ಟುಕೊಂಡ ಸರಕನ್ನು ಮನೆಯಲ್ಲಿ ಕುಡಿಯುವುದಕ್ಕೆ, ಬಂದ ಅತಿಥಿಗಳಿಗೆ ಕೊಡುವುದಕ್ಕೆ ಅಡ್ಡಿಯಿರಲಿಲ್ಲ. ಹಾಗೆ ತುಂಬಿಡಲು ಹಣವೂ ಬೇಕು, ನೆಲಮಾಳಿಗೆಯೂ ಬೇಕು. ಕೂಲಿಯವನಿಗೆ ಎರಡೂ ಇರಲಿಲ್ಲ. ಹೀಗೆ ಒಂದೇ ಕಾನೂನು ಬಡವನಿಗೆ ಒಂದು ಬಗೆಯಾಗಿ, ಉಳ್ಳವನಿಗೆ ಇನ್ನೊಂದು ಬಗೆಯಾಗಿ ನಡೆಯಿತು. ಕಾದಂಬರಿಯ ಹೊಟ್ಟೆಯೊಳಗಿನ ಉರಿಯೂ ಇದೇ ಎಂದು ನಾನು ತಿಳಿದಿದ್ದೇನೆ.

ಔಷಧಿಯ ಹೆಸರಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ವೈದ್ಯರು ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲಿ ವಿಸ್ಕಿಯನ್ನು ಕಾನೂನುಬದ್ಧವಾಗಿಯೇ ಕೊಳ್ಳಬಹುದಾಗಿತ್ತು. ಗ್ಯಾಟ್ಸ್‌ಬಿ ಮತ್ತು ವುಲ್ಫ್‌ಶೀಮ್ ಸೇರಿ ಷಿಕಾಗೋ, ನ್ಯೂಯಾರ್ಕ್‌ಗಳ ಅಡ್ಡರಸ್ತೆಗಳ ಔಷಧಿ ಅಂಗಡಿಗಳನ್ನು ಕೊಂಡು ಮದ್ಯ ಮಾರಿದರೆಂದು ಕಾದಂಬರಿಯಲ್ಲಿ ಟಾಮ್ ಬಯಲು ಮಾಡುವುದು ಈ ಹಿನ್ನೆಲೆಯಲ್ಲಿ. ಇದು ಬರಿಯ ಕಲ್ಪನೆಯಲ್ಲ. ಮೊದಲು ಔಷಧಿ ಅಂಗಡಿ ನಡೆಸಿ ಆಮೇಲೆ ವಕೀಲನಾದ ಜಾರ್ಜ್ ರೀಮಸ್ ಎಂಬಾತ ಸಿನ್ಸಿನಾಟಿಯಲ್ಲಿ ನೆಲೆಸಿ, ಭಟ್ಟಿಗಳನ್ನೂ ಔಷಧಿ ಕಂಪನಿಗಳನ್ನೂ ಕೊಂಡು, ಇದೇ ದಾರಿಯಲ್ಲಿ ಅಪಾರ ಹಣ ಗಳಿಸಿ ಕೊನೆಗೆ ಜೈಲು ಸೇರಿದ್ದ.

ಲಾಂಗ್ ಐಲೆಂಡಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅಮೆರಿಕದ ಕಡಲ ಗಡಿ ಆಗ ತೀರದಿಂದ ಮೂರು ಮೈಲಿ. ಆ ಗೆರೆಯ ಆಚೆಗೆ ಮದ್ಯ ತುಂಬಿದ ಹಡಗುಗಳು ಸಾಲಾಗಿ ಲಂಗರು ಹಾಕಿ ನಿಲ್ಲುತ್ತಿದ್ದವು. ‘ರಮ್ ರೋ’ ಎಂದೇ ಆ ಸಾಲಿಗೆ ಹೆಸರು. ಕತ್ತಲಾದ ಮೇಲೆ ವೇಗದ ದೋಣಿಗಳು ಹೋಗಿ ಪೆಟ್ಟಿಗೆಗಳನ್ನು ದಡಕ್ಕೆ ತರುತ್ತಿದ್ದವು. 1924ರಲ್ಲಿ ಈ ಗೆರೆಯನ್ನು ಹಡಗೊಂದು ಒಂದು ಗಂಟೆಯಲ್ಲಿ ಕ್ರಮಿಸುವಷ್ಟು ದೂರಕ್ಕೆ, ಎಂದರೆ ಸುಮಾರು ಹನ್ನೆರಡು ಮೈಲಿಗೆ, ಹಿಂದಕ್ಕೆ ತಳ್ಳಬೇಕಾಯಿತು. ಇದಕ್ಕೆ ಸರಿಯಾಗಿ ನ್ಯೂಯಾರ್ಕ್ ರಾಜ್ಯ ತನ್ನದೇ ಆದ ಪಾನನಿಷೇಧ ಕಾಯಿದೆಯನ್ನು 1923ರಲ್ಲಿ ರದ್ದುಪಡಿಸಿತು. ಕೇಂದ್ರದ ಕಾನೂನು ಉಳಿಯಿತು, ಆದರೆ ಅದನ್ನು ಕಾಯುವ ಹೊಣೆ ಬೆರಳೆಣಿಕೆಯ ಕೇಂದ್ರ ಅಧಿಕಾರಿಗಳ ಮೇಲೆ ಬಿತ್ತು. ಫಿಟ್ಜ್‌ಜೆರಾಲ್ಡ್ 1922ರಿಂದ 1924ರವರೆಗೆ ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿ ವಾಸವಾಗಿದ್ದವರು. ಈ ಬದುಕನ್ನು ಕಣ್ಣಾರೆ ಕಂಡು ಬರೆದವರು.

ತೆರೆಯ ಮೇಲಿನ ಕುಡಿತದ ಬಗ್ಗೆ: ಚಿತ್ರೋದ್ಯಮದವರು ಸೇರಿ ಮಾಡಿಕೊಂಡ, ವಿಲ್ ಹೇಸ್ ಮುಖ್ಯಸ್ಥರಾಗಿದ್ದ ಸಂಘವೊಂದು 1922ರಿಂದಲೇ ಇತ್ತು. ಆದರೂ ಕಥೆಗೆ ಅಗತ್ಯವಿಲ್ಲದ ಕಡೆ ಮದ್ಯಪಾನವನ್ನು ತೋರಿಸಬಾರದೆಂಬ ನಿಯಮ ಬರಹಕ್ಕಿಳಿದದ್ದು ಆ ಸಂಘದ 1930ರ ಸಂಹಿತೆಯಲ್ಲಿ. ಹಾಗಾಗಿ 1926ರ ನಿರ್ದೇಶಕನಿಗೆ ಸಾಕಷ್ಟು ಸ್ವಾತಂತ್ರ್ಯವಿತ್ತು. ಈ ಚಿತ್ರದ ಡೇಸಿ ಆಬ್‌ಸಿಂತ್ ಎಂಬ ಕಡುಮದ್ಯ ಕುಡಿಯುತ್ತಾಳೆ. ಸಾಮಾನ್ಯರಾದರೆ ಪ್ರಜ್ಞೆ ತಪ್ಪುವಷ್ಟು ಕುಡಿದರೂ ಅವಳಿಗೆ ತುಸುವೇ ಅಮಲೇರುತ್ತದೆಂದು ಹಾಲ್ ತಮ್ಮ ವಿಮರ್ಶೆಯಲ್ಲಿ ಆಕ್ಷೇಪಿಸಿದ್ದರು. ಆಬ್‌ಸಿಂತ್ ಪಾನನಿಷೇಧಕ್ಕೂ ಮೊದಲು, 1912ರಲ್ಲೇ, ಅಮೆರಿಕದಲ್ಲಿ ನಿಷೇಧಕ್ಕೊಳಗಾಗಿದ್ದ ಪಾನೀಯ. ಎರಡು ನಿಷೇಧಗಳನ್ನು ಒಟ್ಟಿಗೆ ಮೀರಿದ ಆ ಲೋಟವನ್ನು ಅಂದಿನ ಪ್ರೇಕ್ಷಕರು ಟಿಕೆಟ್ ಕೊಂಡು, ಕಾನೂನು ಇನ್ನೂ ಜಾರಿಯಲ್ಲಿದ್ದಾಗಲೇ, ನೋಡಿದರು. ಪಾನನಿಷೇಧ ರದ್ದಾದದ್ದು 1933ರ ಡಿಸೆಂಬರ್ 5ರಂದು.

ಪ್ರಶ್ನೆ: ಅಷ್ಟು ದೊಡ್ಡ ಕಂಪನಿಯ ಚಿತ್ರ ಪೂರ್ತಿಯಾಗಿ ಮಾಯವಾಗುವುದು ಹೇಗೆ? ಯಾರೂ ಒಂದು ಪ್ರತಿಯನ್ನು ತೆಗೆದಿಡಲಿಲ್ಲವೆ?
– ನಿವೃತ್ತ ಶಿಕ್ಷಕಿ, ಮಂಗಳೂರು

ಉತ್ತರ: ಒಂದು ಚಿತ್ರವಲ್ಲ ತಾಯಿ, ಒಂದು ಯುಗವೇ ಹೀಗೆ ಹೋಗಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಚರಿತ್ರಕಾರ ಡೇವಿಡ್ ಪಿಯರ್ಸ್ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಅಮೆರಿಕದಲ್ಲಿ ಸುಮಾರು 11,000 ಪೂರ್ಣಾವಧಿ ಮೂಕಿಚಿತ್ರಗಳು ತಯಾರಾದವು; ಮೂಲ ಸ್ವರೂಪದಲ್ಲಿ ಪೂರ್ಣವಾಗಿ ಉಳಿದಿರುವವು ಅವುಗಳಲ್ಲಿ ಶೇಕಡಾ 14 ಮಾತ್ರ. ತುಂಡಾಗಿಯೂ, ಕಳಪೆ ಪ್ರತಿಯಾಗಿಯೂ, ಹೊರದೇಶದ ಆವೃತ್ತಿಯಾಗಿಯೂ ಸಿಕ್ಕಿರುವುದನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನೂರರಲ್ಲಿ ಎಪ್ಪತ್ತು ಚಿತ್ರಗಳು ಇಲ್ಲವೇ ಇಲ್ಲ.

ಮೊದಲ ಕಾರಣ ಫಿಲ್ಮಿನ ಗುಣದಲ್ಲೇ ಇದೆ. ಅಂದಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಮದ್ದುಗುಂಡುಗಳಿಗೆ ಬಳಸುವ ಗನ್ ಕಾಟನ್ನಿಗೆ ಹತ್ತಿರದ ಸಂಬಂಧಿ. ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುಗಡೆ ಮಾಡಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಅದು ಆರುವುದಿಲ್ಲ. ಬೆಂಕಿ ತಾಗದಿದ್ದರೂ ಅದು ಸುಮ್ಮನಿರುವುದಿಲ್ಲ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಮೇಲ್ಮೈ ಅಂಟಂಟಾಗಿ ಜೇನಿನ ಬಣ್ಣದ ಗುಳ್ಳೆಗಳೇಳುತ್ತವೆ, ಸುರುಳಿ ಬೆಲ್ಲದಚ್ಚಿನಂತೆ ಗಟ್ಟಿಯಾಗುತ್ತದೆ, ಕಡೆಗೆ ಡಬ್ಬದಲ್ಲಿ ಉಳಿಯುವುದು ಕಂದು ಬಣ್ಣದ ಪುಡಿ. ಕೊಳೆಯುತ್ತಿರುವ ನೈಟ್ರೇಟ್ ಬೇಸಿಗೆಯ ಸೆಕೆಗೇ ಹೊತ್ತಿಕೊಂಡದ್ದಿದೆ. 1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣ ಹೀಗೆಯೇ ಸುಟ್ಟು, ಆ ಕಂಪನಿಯ ಮೂಕಿಚಿತ್ರಗಳಲ್ಲಿ ಬಹುಪಾಲು ಬೂದಿಯಾದವು.

ಆದರೆ ಎಲ್ಲ ತಪ್ಪನ್ನೂ ಬೆಂಕಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 1927ರ ಅಕ್ಟೋಬರ್‌ನಲ್ಲಿ ನಟರ ಮಾತು ಕೇಳಿಸುವ ‘ದಿ ಜಾಝ್ ಸಿಂಗರ್’ ಬಂದು, ಎರಡು ಮೂರು ವರ್ಷಗಳಲ್ಲಿ ಮಾತಿನ ಚಿತ್ರಗಳು ಎಲ್ಲೆಡೆ ಹಬ್ಬಿದವು. ‘ದಿ ಜಾಝ್ ಸಿಂಗರ್’ ಬಂದಾಗ ನಮ್ಮ ಗ್ಯಾಟ್ಸ್‌ಬಿ ಬಿಡುಗಡೆಯಾಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಮೂಕಿಚಿತ್ರವನ್ನು ಎರಡನೆಯ ಸಲ ಕೊಂಡು ತೋರಿಸುವವರಿಲ್ಲದೆ ಹೋದರು; ಟೆಲಿವಿಷನ್ ಇರಲಿಲ್ಲ, ಹಳೆಯ ಚಿತ್ರಕ್ಕೂ ಬೆಲೆ ಬಂದೀತೆಂಬ ಯೋಚನೆಯೂ ಇರಲಿಲ್ಲ. ಪ್ರಿಂಟುಗಳು ದೊಡ್ಡ ನಗರಗಳಲ್ಲಿ ಓಡಿ, ಗೀರುಬಿದ್ದು, ಚಿಕ್ಕ ಊರುಗಳಿಗೆ ಹೋಗಿ, ಹಿಂದಿರುಗಿದ ಮೇಲೆ ನಾಶವಾಗುತ್ತಿದ್ದವು. ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಅಂಶವಿತ್ತು, ಅದನ್ನು ತೆಗೆದು ಮಾರಿದರೆ ಒಂದಷ್ಟು ಕಾಸು ಸಿಗುತ್ತಿತ್ತು. ಇಟ್ಟರೆ ಉಗ್ರಾಣದ ಬಾಡಿಗೆ ಮತ್ತು ಬೆಂಕಿಯ ಭಯ, ಕೊಟ್ಟರೆ ಬೆಳ್ಳಿಯ ದುಡ್ಡು. ಲೆಕ್ಕ ಬರೆಯುವವನು ಯಾವುದನ್ನು ಆರಿಸಿಕೊಂಡನೆಂದು ಬೇರೆ ಹೇಳಬೇಕಾಗಿಲ್ಲ. 1948ರಲ್ಲಿ ಯೂನಿವರ್ಸಲ್ ಕಂಪನಿ ತನ್ನಲ್ಲಿ ಉಳಿದಿದ್ದ ಮೂಕಿಚಿತ್ರಗಳ ಪ್ರತಿಗಳನ್ನು ಗೊತ್ತಿದ್ದೂ ಗೊತ್ತಿದ್ದೂ ನಾಶ ಮಾಡಿತು.

ಪ್ರತಿಯನ್ನು ತೆಗೆದಿಡಬೇಕಾಗಿದ್ದ ಸ್ಥಳವೊಂದಿತ್ತು ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ. ಕೃತಿಸ್ವಾಮ್ಯದ ನೋಂದಣಿಗಾಗಿ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗುತ್ತಿದ್ದವು. ಆದರೆ ನೈಟ್ರೇಟನ್ನು ಕಟ್ಟಡದಲ್ಲಿ ಇಟ್ಟುಕೊಳ್ಳುವುದು ಅಪಾಯವೆಂದು, ಕಥೆಯ ಲಿಖಿತ ವಿವರವನ್ನು ಮಾತ್ರ ಉಳಿಸಿಕೊಂಡು ರೀಲುಗಳನ್ನು ಕಂಪನಿಗಳಿಗೇ ಹಿಂದಿರುಗಿಸುವ ಪದ್ಧತಿ 1912ರಿಂದ 1942ರವರೆಗೂ ನಡೆಯಿತು. ಚಿತ್ರಗಳು ಆ ಮನೆಯ ಬಾಗಿಲವರೆಗೆ ಬಂದು ವಾಪಸಾದವು.

ಪ್ರಶ್ನೆ: ಕಾದಂಬರಿಕಾರರ ಹೆಂಡತಿಗೇ ಈ ಚಿತ್ರ ಹಿಡಿಸಿರಲಿಲ್ಲವಂತೆ. ಅಂಥ ಚಿತ್ರ ಕಳೆದುಹೋದರೆ ಇಷ್ಟೊಂದು ಹಲುಬುವುದೇಕೆ? ಇದೇ ಕಥೆಯ ಮೇಲೆ ಒಳ್ಳೆಯ ಚಿತ್ರಗಳು ಆಮೇಲೆ ಬಂದಿವೆಯಲ್ಲ!
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಕೇಳಿರುವುದು ನಿಜ. 1927ರ ಆರಂಭದಲ್ಲಿ ದಂಪತಿಗಳಿಬ್ಬರೂ ಹಾಲಿವುಡ್‌ಗೆ ಹೋಗಿದ್ದಾಗ ಈ ಚಿತ್ರವನ್ನು ನೋಡಿ, ಅದು ತೀರ ಕೆಟ್ಟದಾಗಿದೆಯೆಂದೂ ನಡುವೆಯೇ ಎದ್ದು ಬಂದೆವೆಂದೂ ಝೆಲ್ಡಾ ತಮ್ಮ ಮಗಳಿಗೆ ಕಾಗದ ಬರೆದಿದ್ದರು. ಪಾತ್ರಗಳು ಪೂರ್ತಿಯಾಗಿ ಬೆಳೆದಿಲ್ಲವೆಂದು ಹಾಲ್ ಕೂಡ ಬರೆದಿದ್ದಾರೆ. ಇವರಿಬ್ಬರನ್ನೂ ಸುಳ್ಳೆನ್ನಲು ನಮ್ಮಲ್ಲಿ ಚಿತ್ರವೇ ಇಲ್ಲ. ಅವರು ಹೇಳಿದ್ದನ್ನು ನಂಬುವುದಕ್ಕೂ ಅದೇ ತೊಡಕು. ಕೃತಿಯನ್ನು ಬರೆದವನ ಮನೆಯವರು ಅದರ ಚಿತ್ರರೂಪವನ್ನು ಮೆಚ್ಚದಿರುವುದು ಸಹಜವೇ ಆಗಿದ್ದೀತು. ತೀರ್ಪನ್ನು ಪುನಃ ಪರಿಶೀಲಿಸುವ ಹಕ್ಕು ಪ್ರತಿಯೊಂದು ಪೀಳಿಗೆಗೂ ಇದೆ, ಆದರೆ ಅದಕ್ಕೆ ಕೃತಿ ಎದುರಿಗಿರಬೇಕು.

ಅದು ಸಾಧಾರಣ ಚಿತ್ರವೇ ಆಗಿತ್ತೆಂದು ಒಪ್ಪಿಕೊಂಡರೂ ನನ್ನ ಮಾತು ಬದಲಾಗುವುದಿಲ್ಲ. 1949ರಲ್ಲಿ ಆಲನ್ ಲಾಡ್, 1974ರಲ್ಲಿ ರಾಬರ್ಟ್ ರೆಡ್‌ಫರ್ಡ್, 2013ರಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ಗ್ಯಾಟ್ಸ್‌ಬಿಯಾದರು. ಈ ಮೂರೂ ಚಿತ್ರಗಳಲ್ಲಿ ಆ ಕಾಲವನ್ನು ಹೊಲಿಸಬೇಕಾಯಿತು, ಬಾಡಿಗೆಗೆ ತರಬೇಕಾಯಿತು, ಸೆಟ್ ಹಾಕಿ ಕಟ್ಟಬೇಕಾಯಿತು. 1926ರ ಚಿತ್ರಕ್ಕೆ ಅದೊಂದೂ ಬೇಕಿರಲಿಲ್ಲ. ಕಥೆ ನಡೆದು ನಾಲ್ಕೇ ವರ್ಷ. ಬೀದಿಯಲ್ಲಿ ಓಡುತ್ತಿದ್ದ ಕಾರುಗಳೇ ಚಿತ್ರದ ಕಾರುಗಳು, ಹುಡುಗಿಯರ ಮೋಟುಗೂದಲು ಅವರದೇ ಕೂದಲು, ಔತಣದಲ್ಲಿ ಕುಣಿದವರಿಗೆ ಆ ಕುಣಿತವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಲೋಟ ಎತ್ತುವಾಗ ಕೈಯಲ್ಲಿ ಎಷ್ಟು ಅಳುಕಿತ್ತು, ಎಷ್ಟು ಉಡಾಫೆಯಿತ್ತು ಎಂಬುದು ಆ ಕಾನೂನಿನ ಕೆಳಗೆ ಬದುಕಿದವರ ಮೈಗೆ ಗೊತ್ತು. ಅಜ್ಜಿಯ ಮದುವೆಯ ಫೋಟೊ ಮಸುಕಾಗಿದ್ದರೂ, ಮೊಮ್ಮಗಳು ಅಜ್ಜಿಯ ಸೀರೆಯುಟ್ಟು ತೆಗೆಸಿಕೊಂಡ ಚೆಂದದ ಫೋಟೊ ಅದರ ಜಾಗ ತುಂಬುವುದಿಲ್ಲ.

ಇನ್ನೂ ಒಂದು ಮಾತು. 1929ರ ಆರ್ಥಿಕ ಕುಸಿತ ಬರಲಿದೆಯೆಂದು ಅದನ್ನು ಮಾಡಿದವರಿಗಾಗಲಿ ನೋಡಿದವರಿಗಾಗಲಿ ತಿಳಿದಿರಲಿಲ್ಲ. ಆಮೇಲಿನ ಗ್ಯಾಟ್ಸ್‌ಬಿಗಳೆಲ್ಲ, ಮುಂದೇನಾಯಿತೆಂದು ಬಲ್ಲವರು ಮಾಡಿದವು; ಔತಣದ ಪ್ರತಿ ದೃಶ್ಯದ ಮೇಲೂ ಮುಂದಿನ ದುರ್ದಿನಗಳ ನೆರಳು ತಾನಾಗಿ ಬಿದ್ದಿರುತ್ತದೆ. ಆ ನೆರಳಿಲ್ಲದೆ, ಸಿರಿ ಹಾಗೆಯೇ ಉಳಿಯುತ್ತದೆಂದು ನಂಬಿದ್ದ ಜನ ತಮ್ಮದೇ ಔತಣವನ್ನು ಹೇಗೆ ಕಂಡರೆಂದು ತೋರಿಸಬಲ್ಲ ಗ್ಯಾಟ್ಸ್‌ಬಿ ಅದೊಂದೇ ಆಗಿತ್ತು.

ಪ್ರಶ್ನೆ: ಆ ಚಿತ್ರ ಮತ್ತೆ ಸಿಗುವ ಆಸೆ ಇದೆಯೆ? ನಮ್ಮ ‘ಸತಿ ಸುಲೋಚನ’ಕ್ಕೂ ಇದೇ ಗತಿಯಾಯಿತೆಂದು ಕೇಳಿದ್ದೇನೆ. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಟೂರಿಂಗ್ ಟಾಕೀಸ್ ಕಾಲದ ಎರಡು ತಗಡಿನ ಡಬ್ಬಗಳಿವೆ, ಅವನ್ನು ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಸೆಗೆ ಆಧಾರಗಳಿವೆ. ಇದೇ ಬ್ರೆನನ್ 1924ರಲ್ಲಿ ಮಾಡಿದ ‘ಪೀಟರ್ ಪ್ಯಾನ್’ ಕಳೆದುಹೋಯಿತೆಂದು ಭಾವಿಸಿದ್ದಾಗ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸಿಕ್ಕಿತು. ಗ್ಲೋರಿಯಾ ಸ್ವಾನ್ಸನ್ ಮತ್ತು ರುಡಾಲ್ಫ್ ವ್ಯಾಲೆಂಟಿನೊ ನಟಿಸಿದ್ದ 1922ರ ‘ಬಿಯಾಂಡ್ ದಿ ರಾಕ್ಸ್’, ಅದೂ ಪ್ಯಾರಾಮೌಂಟ್‌ನ ಶ್ರೀಮಂತ ವರ್ಗದ ಪ್ರೇಮಕಥೆಯೇ, ಎಂಟು ದಶಕಗಳ ಮೇಲೆ ನೆದರ್ಲೆಂಡ್ಸಿನ ಖಾಸಗಿ ಸಂಗ್ರಹವೊಂದರಲ್ಲಿ ಪತ್ತೆಯಾಯಿತು. ಕೆನಡಾದ ಡಾಸನ್ ಸಿಟಿಯಲ್ಲಿ 1978ರಲ್ಲಿ ನೆಲ ಅಗೆಯುವಾಗ ಹಳೆಯ ಈಜುಕೊಳವೊಂದರ ಜಾಗದಲ್ಲಿ ಹೂತಿದ್ದ ಐನೂರಕ್ಕೂ ಹೆಚ್ಚು ರೀಲುಗಳು ಹೊರಬಂದವು. ಅಲ್ಲಿನ ಹಿಮಗಟ್ಟಿದ ಮಣ್ಣೇ ಅವನ್ನು ಕಾಪಾಡಿತ್ತು. ಸಾಗಣೆಯ ಖರ್ಚು ಉಳಿಸಲು ದೂರದೇಶಗಳಿಂದ ರೀಲುಗಳನ್ನು ತಿರುಗಿ ತರಿಸಿಕೊಳ್ಳದೆ ಬಿಟ್ಟದ್ದರಿಂದ ಎಷ್ಟೋ ಚಿತ್ರಗಳು ಬದುಕಿವೆ.

‘ಸತಿ ಸುಲೋಚನ’ದ ವಿಷಯದಲ್ಲಿ ನೀವು ಕೇಳಿದ್ದು ಸರಿ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬಾ ನಟಿಸಿದ ಈ ಮೊದಲ ಕನ್ನಡ ವಾಕ್ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರಮಂದಿರದ ಹೆಸರೂ ಪ್ಯಾರಾಮೌಂಟ್. ಅದರ ಪ್ರತಿ ನಮಗೆ ಉಳಿದಿಲ್ಲ. ಗ್ಯಾಟ್ಸ್‌ಬಿಯದು ಒಂದು ನಿಮಿಷವಾದರೂ ಇದೆ.

ಆದ್ದರಿಂದ ನಿಮ್ಮ ಡಬ್ಬಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಈಗಲೇ ತೆರೆಯಲೂ ಹೋಗಬೇಡಿ, ತುಕ್ಕು ಹಿಡಿದ ಮುಚ್ಚಳವನ್ನು ಬಡಿದು ಎಬ್ಬಿಸಬೇಡಿ, ಪ್ರೊಜೆಕ್ಟರಿಗೆ ಹಾಕಿ ನೋಡುವ ಯೋಚನೆಯನ್ನಂತೂ ಬಿಡಿ. 1950ರ ದಶಕಕ್ಕಿಂತ ಹಿಂದಿನ ಫಿಲ್ಮಾದರೆ ಅದು ನೈಟ್ರೇಟೇ ಆಗಿರಬಹುದು. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ. ಹಗಲು ತಂಪಾಗಿರುವ ಹೊತ್ತಿನಲ್ಲಿ ಅವನ್ನು ಅಲುಗಿಸದೆ ಇಳಿಸಿ, ಮನುಷ್ಯರು ಮಲಗದ, ಒಲೆ, ದೇವರ ದೀಪ, ವಿದ್ಯುತ್ ಸ್ವಿಚ್ಚುಗಳಿಂದ ದೂರವಾದ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಕಟುವಾದ ಹುಳಿವಾಸನೆ ಬಂದರೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಡಬ್ಬದ ಮೇಲಿನ ಚೀಟಿ, ಬರಹ, ಅಂಕಿ ಎಲ್ಲವನ್ನೂ ಫೋನಿನಲ್ಲಿ ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಲಿ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿಗಾಗಲಿ ಮೊದಲು ಕಳಿಸಿ, ಅವರು ಹೇಳುವವರೆಗೆ ಡಬ್ಬಗಳನ್ನು ಅಂಚೆಗೂ ಕೊರಿಯರಿಗೂ ಕೊಡಬೇಡಿ. ಚೀಟಿಯಲ್ಲಿ ಯಾವ ಹೆಸರಿದೆಯೆಂದು ನಮಗೂ ಒಂದು ಸಾಲು ಬರೆಯಿರಿ.